ಅಮೆರಿಕನ್ನರ ಕಿವಿಗಾಗಿ ಹುಬ್ಬಳ್ಳಿಯಲ್ಲೊಂದು ತರಗತಿ

ಅಮೆರಿಕದ ಗ್ರಾಹಕರೊಂದಿಗೆ ಫೋನಿನಲ್ಲಿ ಮಾತನಾಡುವ ಕೆಲಸಗಳಿಗೆ ಪದವೀಧರರನ್ನು ಸಿದ್ಧಪಡಿಸುವ ತರಗತಿಗಳು ಹುಬ್ಬಳ್ಳಿ–ಧಾರವಾಡದಲ್ಲಿ ಹಲವಿವೆ. ಇಲ್ಲಿ ವಿಮರ್ಶಿಸುತ್ತಿರುವುದು ವಿದ್ಯಾನಗರದ ಒಂದು ಒಳರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಡೆಯುವ ತರಗತಿಯನ್ನು. ಅವಧಿ ಎರಡು ತಿಂಗಳು, ದಿನಕ್ಕೆ ಎರಡು ತಾಸು, ಶುಲ್ಕ ಹದಿನಾಲ್ಕು ಸಾವಿರ ರೂಪಾಯಿ. ಶುಲ್ಕವನ್ನು ಎರಡು ಕಂತುಗಳಲ್ಲಿ ಕಟ್ಟಬಹುದು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನನ್ನನ್ನು ಅಂತಿಮ ವರ್ಷದ ವಿದ್ಯಾರ್ಥಿಗಳು ಇಂಥ ತರಗತಿಗಳ ಬಗ್ಗೆ ಪದೇ ಪದೇ ಕೇಳುವುದರಿಂದ, ಸಂಚಾಲಕರ ಅನುಮತಿ ಪಡೆದು ಎರಡೂ ತಿಂಗಳ ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದ್ದೇನೆ. ಪಾಠದ ಸಾಮಗ್ರಿ ಬೇರೆ ತರಗತಿಗಳಲ್ಲಿಯೂ ಹೆಚ್ಚುಕಡಿಮೆ ಇದೇ ಆಗಿರುವುದರಿಂದ ಸಂಸ್ಥೆಯ ಹೆಸರನ್ನು ಬದಿಗಿಟ್ಟು ಪಾಠವನ್ನಷ್ಟೇ ತೂಗಿ ನೋಡುವುದು ಹೆಚ್ಚು ಉಪಯುಕ್ತವೆಂದು ಭಾವಿಸುತ್ತೇನೆ.

ಸಂಸ್ಥೆಯ ಕರಪತ್ರ ಕೊಡುವ ಭರವಸೆ ದೊಡ್ಡದು: ತರಗತಿ ಮುಗಿಸಿದವರು ಯಾವ ಊರಿನವರೆಂಬುದು ಅಮೆರಿಕದ ಕೇಳುಗನಿಗೆ ತಿಳಿಯುವುದೇ ಇಲ್ಲವಂತೆ. ಮೊದಲ ವಾರದ ಪಾಠವೆಲ್ಲ ಈ ಭರವಸೆಯ ಮೇಲೆಯೇ ನಿಂತಿದೆ. ನಿಮ್ಮ ಒಂದು ವಾಕ್ಯ ಕೇಳಿದರೆ ಸಾಕು, ಆ ಕಡೆಯವನು ನಿಮ್ಮನ್ನು ಗುರುತು ಹಿಡಿಯುತ್ತಾನೆ ಎಂದು ತರಬೇತುದಾರರು ಹುಡುಗರನ್ನು ಚೆನ್ನಾಗಿಯೇ ಹೆದರಿಸುತ್ತಾರೆ. ಆರನೆಯ ವಾರದಲ್ಲಿ ಬರುವ ಭೂಗೋಳದ ಪಾಠದಲ್ಲಿ ಅದೇ ತರಬೇತುದಾರರು, "ನೋಡ್ರಿ, ಈ ಮಂದಿಗೆ ತಮ್ಮ ನ್ಯೂಯಾರ್ಕ್ ನಕಾಶೆದಾಗ ಎಲ್ಲಿ ಐತಿ ಅನ್ನೂದ ಗೊತ್ತಿಲ್ಲ, ಇನ್ನ ನಿಮ್ಮ ಹುಬ್ಬಳ್ಳಿ ಎಲ್ಲಿಂದ ಗೊತ್ತಿರಬೇಕು?" ಎಂದು ಇಡೀ ತರಗತಿಯನ್ನು ನಗಿಸುತ್ತಾರೆ. ಹೆದರಿಸಿದ್ದೂ ನಗಿಸಿದ್ದೂ ಒಬ್ಬನೇ ಕೇಳುಗನ ಹೆಸರಿನಲ್ಲಿ. ಊರುಗಳೇ ಗೊತ್ತಿಲ್ಲದವನಿಂದ ಊರು ಮುಚ್ಚಿಡಲು ಹದಿನಾಲ್ಕು ಸಾವಿರ ರೂಪಾಯಿ ಏಕೆ ಕೊಡಬೇಕು ಎಂಬ ಪ್ರಶ್ನೆಯನ್ನು ಆ ದಿನ ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಈ ಪಠ್ಯಕ್ರಮದ ಬೆಲೆ ಕಟ್ಟಬೇಕಾದರೆ ಆ ಪ್ರಶ್ನೆಯಿಂದಲೇ ಆರಂಭಿಸಬೇಕು.

ಅಮೆರಿಕನ್ನರು ಮಾತಿನ ಧಾಟಿಯಿಂದ ಊರನ್ನು ಎಷ್ಟರಮಟ್ಟಿಗೆ ಗುರುತಿಸಬಲ್ಲರು ಎಂಬುದನ್ನು ವಿದ್ವಾಂಸರು ಅಳೆದು ನೋಡಿದ್ದಾರೆ. ಇಂಡಿಯಾನಾ ವಿಶ್ವವಿದ್ಯಾಲಯದ ಸಿಂಥಿಯಾ ಕ್ಲಾಪರ್ ಮತ್ತು ಡೇವಿಡ್ ಪಿಸೋನಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಆರು ಪ್ರದೇಶಗಳ ಜನರ ಮಾತಿನ ಧ್ವನಿಮುದ್ರಣಗಳನ್ನು ಅಮೆರಿಕದ ವಿದ್ಯಾರ್ಥಿಗಳಿಗೇ ಕೇಳಿಸಿ, ಮಾತನಾಡುತ್ತಿರುವವರು ಯಾವ ಪ್ರದೇಶದವರೆಂದು ಗುರುತಿಸಲು ಹೇಳಲಾಯಿತು. ಕಣ್ಣು ಮುಚ್ಚಿ ಊಹಿಸಿದರೂ ಶೇಕಡಾ 17ರಷ್ಟು ಸರಿಯುತ್ತರ ಬರಬೇಕಾದಲ್ಲಿ ಅವರಿಂದ ಬಂದದ್ದು ಶೇಕಡಾ 30ರ ಆಸುಪಾಸು ಮಾತ್ರ. ಕೇಳುಗರ ತಪ್ಪುಗಳಲ್ಲಿಯೂ ಒಂದು ಕ್ರಮವಿತ್ತು: ನ್ಯೂ ಇಂಗ್ಲೆಂಡ್, ದಕ್ಷಿಣ, ಮತ್ತು ಉಳಿದೆಲ್ಲವೂ ಸೇರಿದ ಮಧ್ಯ–ಪಶ್ಚಿಮದ ಒಂದು ರಾಶಿ, ಹೀಗೆ ಮೂರೇ ದೊಡ್ಡ ಗುಂಪುಗಳು ಅವರ ಕಿವಿಯಲ್ಲಿದ್ದವು. ತಂದೆತಾಯಿಯರ ವರ್ಗಾವಣೆಯ ಕಾರಣ ಹಲವು ರಾಜ್ಯಗಳಲ್ಲಿ ಬೆಳೆದವರು ಒಂದೇ ರಾಜ್ಯದಲ್ಲಿ ಬೆಳೆದವರಿಗಿಂತ ಹೆಚ್ಚು ಸರಿಯಾಗಿ ಗುರುತಿಸಿದರು. ಕಿವಿಯ ಜಾಣ್ಮೆ ಹುಟ್ಟಿನಿಂದ ಬರುವುದಿಲ್ಲ, ಕೇಳಿಕೆಯಿಂದ ಬೆಳೆಯುತ್ತದೆ ಎಂಬ ಈ ಅಂಶ ಮುಂದೆ ತರಗತಿಯ ಗುಣವನ್ನು ಅಳೆಯಲೂ ಬೇಕಾಗುತ್ತದೆ.

ಭಾಷಾವಿಜ್ಞಾನಿ ಡೆನಿಸ್ ಪ್ರೆಸ್ಟನ್ ಇನ್ನೊಂದು ದಾರಿ ಹಿಡಿದರು. ಅವರು ಜನರ ಕೈಗೆ ಬರಿಯ ನಕಾಶೆಯನ್ನು ಕೊಟ್ಟು, ಎಲ್ಲೆಲ್ಲಿ ಜನ ಬೇರೆ ರೀತಿಯಲ್ಲಿ ಮಾತನಾಡುತ್ತಾರೆಂದು ಗೆರೆ ಎಳೆಯಲು ಹೇಳಿದರು. ಮಿಷಿಗನ್ ರಾಜ್ಯದ ಆಗ್ನೇಯ ಭಾಗದ 147 ಜನರಲ್ಲಿ 138 ಜನ ದಕ್ಷಿಣದ ಸುತ್ತ ಗೆರೆ ಎಳೆದರು. ಬೇರೆ ಯಾವ ಪ್ರದೇಶವೂ ಅಷ್ಟು ಜನರ ಗಮನಕ್ಕೆ ಬರಲಿಲ್ಲ. ಯಾರ ಇಂಗ್ಲಿಷ್ ಅತ್ಯಂತ ಶುದ್ಧ ಎಂದು ಕೇಳಿದಾಗ ಅವರು ತಮ್ಮ ಮಿಷಿಗನ್‌ಗೇ ಹೆಚ್ಚಿನ ಅಂಕ ಕೊಟ್ಟುಕೊಂಡರು, ದಕ್ಷಿಣದವರಿಗೆ ಕಡಿಮೆ ಅಂಕ ಕೊಟ್ಟರು. ಇದರಲ್ಲಿ ನಮಗೆ ಆಶ್ಚರ್ಯಪಡುವಂಥದೇನೂ ಇಲ್ಲ. ವಿಜಯಪುರ, ಕಲಬುರಗಿ, ಬಳ್ಳಾರಿ, ಧಾರವಾಡ ಎಲ್ಲವೂ ಬೆಂಗಳೂರಿನ ಅನೇಕರಿಗೆ ಕೇಳಿಸುವುದು 'ಹುಬ್ಬಳ್ಳಿ ಕಡೆಯ ಭಾಷೆ' ಎಂದೇ, ಮತ್ತು ಹಾಸ್ಯಪಾತ್ರಕ್ಕೆ ಒಗ್ಗುವ ಭಾಷೆ ಎಂದೇ. ರಾಣೆಬೆನ್ನೂರು ದಾಟುತ್ತಲೇ ಮಾತು ದಾವಣಗೆರೆಯತ್ತ ಹೊರಳುವುದು ಹಾವೇರಿಯವರಿಗೆ ಗೊತ್ತು. ರಾಜಧಾನಿಯವರಿಗೆ ಅದನ್ನು ತಿಳಿಯುವ ಅಗತ್ಯ ಬಿದ್ದಿಲ್ಲ. ಬಲವುಳ್ಳ ಕಡೆಯ ಮಾತು ಟಿವಿಯ ಮೂಲಕ ಎಲ್ಲರ ಮನೆಗೂ ಬರುತ್ತದೆ, ಅಂಚಿನವರ ಮಾತು ಅತ್ತ ಹೋಗುವುದು ಅಪರೂಪ. ವಿದ್ಯಾನಗರದ ಹುಡುಗರು ಅಮೆರಿಕನ್ ಮಾತನ್ನು ಗುರುತಿಸುವಷ್ಟು ಸಲೀಸಾಗಿ ಅಮೆರಿಕನ್ನರು ಇವರ ಮಾತನ್ನು ಗುರುತಿಸಲಾರದ್ದಕ್ಕೂ ಇದೇ ಕಾರಣ.

ದೇಶದ ಹೊರಗಿನ ಇಂಗ್ಲಿಷಿಗೆ ಬಂದರೆ ಅಮೆರಿಕನ್ನರು ಕಟ್ಟಿಕೊಂಡ ಗುಂಪುಗಳು ಇನ್ನೂ ದೊಡ್ಡವು. ಲಿವರ್‌ಪೂಲ್, ನ್ಯೂಕಾಸಲ್, ಬರ್ಮಿಂಗ್‌ಹ್ಯಾಮ್ ಊರುಗಳ ಮಾತು ಇಂಗ್ಲೆಂಡಿನವರಿಗೆ ಪರಸ್ಪರ ದೂರದ್ದಾಗಿ ಕೇಳಿಸಿದರೆ, ಸಾಮಾನ್ಯ ಅಮೆರಿಕನ್ನನಿಗೆ ಅವೆಲ್ಲ 'ಬ್ರಿಟಿಷ್'. ನ್ಯೂಜಿಲೆಂಡಿನವರು ಅಲ್ಲಿ ಆಸ್ಟ್ರೇಲಿಯದವರೆನಿಸಿಕೊಳ್ಳುವುದು ಸಾಮಾನ್ಯ. ಅದೇ ರೀತಿ ಪಂಜಾಬಿನವರ, ಕೇರಳದವರ, ನಮ್ಮವರ ಇಂಗ್ಲಿಷ್ ಮೂರೂ ಅವರ ಪಾಲಿಗೆ ಒಂದೇ 'ಇಂಡಿಯನ್' ಧಾಟಿ. ಆ ಧಾಟಿಯ ಕಲ್ಪನೆ ಅವರಲ್ಲಿ ಅನೇಕರಿಗೆ ಬಂದದ್ದೂ ಭಾರತೀಯರಿಂದಲ್ಲ: 'ದಿ ಸಿಂಪ್ಸನ್ಸ್' ಎಂಬ ಟಿವಿ ಕಾರ್ಟೂನಿನ ಅಂಗಡಿಕಾರ ಅಪೂವಿಗೆ 1990ರಿಂದ ದಶಕಗಳ ಕಾಲ ಧ್ವನಿ ಕೊಟ್ಟವರು ಅಮೆರಿಕದ ನಟ ಹ್ಯಾಂಕ್ ಅಜೇರಿಯಾ, ಅವರು ಆ ಪಾತ್ರವನ್ನು ಬಿಟ್ಟದ್ದು 2020ರಲ್ಲಿ. ಹೀಗಿರುವಾಗ ಹುಬ್ಬಳ್ಳಿಯ ಹುಡುಗಿಯ ಊರನ್ನು ಓಹಾಯೋದ ಗ್ರಾಹಕ ಕಂಡುಹಿಡಿದಾನೆಂಬ ಭಯಕ್ಕೆ ಆಧಾರವಿಲ್ಲ. ಅವಳು ಭಾರತದವಳೆಂದು ಅವನು ಕಂಡುಹಿಡಿಯಬಹುದು, ನಿಜ. ಆದರೆ ಅದಕ್ಕೆ ಅವನಿಗೆ ಕಿವಿಯೇ ಬೇಕಾಗಿಲ್ಲ ಎನ್ನುವುದಕ್ಕೂ ಸಾಕ್ಷ್ಯವಿದೆ. ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದಲ್ಲೇ ಹುಟ್ಟಿ ಬೆಳೆದ ಮಹಿಳೆಯೊಬ್ಬರ ಉಪನ್ಯಾಸದ ಒಂದೇ ಧ್ವನಿಮುದ್ರಣವನ್ನು ಕೆಲವು ವಿದ್ಯಾರ್ಥಿಗಳಿಗೆ ಬಿಳಿಯ ಮಹಿಳೆಯ ಚಿತ್ರದೊಂದಿಗೂ ಕೆಲವರಿಗೆ ಏಷ್ಯಾದ ಮಹಿಳೆಯ ಚಿತ್ರದೊಂದಿಗೂ ಕೇಳಿಸಲಾಯಿತು. ಏಷ್ಯಾದ ಮುಖ ಕಂಡವರಿಗೆ ವಿದೇಶೀ ಉಚ್ಚಾರಣೆ ಕೇಳಿಸಿತು, ಪಾಠವೂ ಕಡಿಮೆ ಅರ್ಥವಾಯಿತು. ಫೋನಿನಲ್ಲಿ ಚಿತ್ರವಿಲ್ಲದಿದ್ದರೂ ಹೆಸರು ಕೇಳಿದೊಡನೆ ಇಂಥ ಊಹೆ ಆರಂಭವಾಗಬಹುದು. ತರಗತಿಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಅಮೆರಿಕನ್ ಹೆಸರು ಹಚ್ಚುವ ಹಳೆಯ ಪದ್ಧತಿ ಇನ್ನೂ ಉಳಿದಿರುವುದು ಇದೇ ಅಳುಕಿನಿಂದ ಇರಬೇಕು, ನನಗದು ಸರಿಕಾಣಲಿಲ್ಲ.

ಹಾಗೆಂದು ಅಮೆರಿಕನ್ ಕಿವಿಯನ್ನು ತೀರ ಮಂದವೆಂದು ತಿಳಿಯುವುದೂ ತಪ್ಪಾದೀತು. ಪರ್ನೆಲ್, ಇಡ್ಸಾರ್ಡಿ ಮತ್ತು ಜಾನ್ ಬಾ ಎಂಬ ವಿದ್ವಾಂಸರು 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 'ಹಲೋ' ಎಂಬ ಒಂದೇ ಮಾತಿನಿಂದ, ಮಾತನಾಡುವವರು ಬಳಸುತ್ತಿರುವುದು ಕರಿಯರ ಇಂಗ್ಲಿಷೇ, ಮೆಕ್ಸಿಕನ್ ಮೂಲದವರದೇ, ಪ್ರಮಾಣಿತ ಇಂಗ್ಲಿಷೇ ಎಂಬುದನ್ನು ಕೇಳುಗರು ಶೇಕಡಾ 70ಕ್ಕಿಂತ ಹೆಚ್ಚು ಸಲ ಸರಿಯಾಗಿ ಹೇಳಿದರು. ಬಾಡಿಗೆ ಮನೆ ಕೇಳಿ ಫೋನ್ ಮಾಡಿದಾಗ ಧಾಟಿಯನ್ನು ನೋಡಿ ಮನೆಮಾಲೀಕರ ಉತ್ತರವೂ ಬದಲಾಗುತ್ತಿತ್ತು. ಊರನ್ನು ಹೇಳಲಾರದ ಕಿವಿಯೇ 'ನಮ್ಮವರು' ಮತ್ತು 'ಹೊರಗಿನವರು' ಎಂಬ ಭೇದವನ್ನು ಕ್ಷಣದಲ್ಲಿ ಮಾಡಬಲ್ಲದು. ಕರಪತ್ರದ ಭರವಸೆ ಸುಳ್ಳಾಗುವುದು ಇಲ್ಲಿಯೇ: ಊರು ಮುಚ್ಚಿಡುವ ಅಗತ್ಯವಿಲ್ಲ, ಹೊರಗಿನವರೆಂಬುದನ್ನು ಮುಚ್ಚಿಡುವುದು ಎರಡು ತಿಂಗಳ ಪಾಠದಿಂದ ಆಗುವ ಕೆಲಸವಲ್ಲ.

ಆದ್ದರಿಂದ ಮಾತಿನ ಪಾಠಗಳಲ್ಲಿ ಯಾವುದಕ್ಕೆ ಬೆಲೆಯಿದೆ, ಯಾವುದಕ್ಕಿಲ್ಲ ಎಂದು ಬೇರ್ಪಡಿಸಿ ನೋಡಬೇಕು. ಕೆನಡಾದ ಮರ್ರೆ ಮುನ್ರೊ ಮತ್ತು ಟ್ರೇಸಿ ಡರ್ವಿಂಗ್ 1995ರಷ್ಟು ಹಿಂದೆಯೇ ತೋರಿಸಿದಂತೆ, ಮಾತಿನಲ್ಲಿ ಪರದೇಶದ ಧಾಟಿ ಎಷ್ಟಿದೆ ಎಂಬುದೂ ಮಾತು ಎಷ್ಟು ಅರ್ಥವಾಗುತ್ತದೆ ಎಂಬುದೂ ಬೇರೆ ಬೇರೆ ಸಂಗತಿಗಳು. ಧಾಟಿ ದಟ್ಟವಾಗಿದ್ದರೂ ಪ್ರತಿ ಪದವೂ ಅರ್ಥವಾಗುವ ಮಾತುಗಾರರು ಬೇಕಾದಷ್ಟು ಜನರಿದ್ದಾರೆ. ಈ ಅಳತೆಗೋಲಿನಿಂದ ನೋಡಿದರೆ ತರಗತಿಯ ಕೆಲವು ಪಾಠಗಳು ನಿಜಕ್ಕೂ ಒಳ್ಳೆಯವು. ಪದದ ಆರಂಭದ ಪ, ಟ, ಕ ಧ್ವನಿಗಳನ್ನು ಅಮೆರಿಕನ್ನರು ಉಸಿರು ಬಿಟ್ಟು, ನಮ್ಮ ಮಹಾಪ್ರಾಣಕ್ಕೆ ಸಮೀಪವಾಗಿ ಉಚ್ಚರಿಸುತ್ತಾರೆ. ನಾವು ಅಲ್ಪಪ್ರಾಣದಲ್ಲಿ 'ಪಿನ್' ಎಂದರೆ ಅವರಿಗೆ 'ಬಿನ್' ಎಂದು ಕೇಳಿಸಬಹುದು. ಬಾಯಿಯ ಮುಂದೆ ಕಾಗದದ ಚೂರನ್ನು ಹಿಡಿಸಿ, ಅದು ಅಲುಗಾಡುವವರೆಗೂ ಹೇಳಿಸುವ ಅಭ್ಯಾಸವನ್ನು ತರಬೇತುದಾರರು ಬೇಸರವಿಲ್ಲದೆ ಮಾಡಿಸಿದರು. ಎಕಾರದಿಂದ ಆರಂಭವಾಗುವ ಪದಗಳಿಗೆ ನಾವು ಅರಿವಿಲ್ಲದೆ ಹಚ್ಚುವ ಯಕಾರ, ಒಕಾರಕ್ಕೆ ಹಚ್ಚುವ ವಕಾರ, 'ವೆಸ್ಟ್' ಎಂಬ ದಿಕ್ಕಿಗೂ ಅದೇ ರೀತಿ ಕೇಳಿಸುವ ಉಡುಪಿಗೂ ತುಟಿಯ ಚಲನೆಯಲ್ಲಿರುವ ವ್ಯತ್ಯಾಸ, ಪದದ ಯಾವ ಭಾಗದ ಮೇಲೆ ಒತ್ತು ಬೀಳಬೇಕೆಂಬ ತಿಳಿವಳಿಕೆ — ಇವೆಲ್ಲವೂ ಕೇಳುಗನಿಗೆ ನೆರವಾಗುವ ತಿದ್ದುಪಡಿಗಳು.

ಹಾಳಾದ ಸಮಯವೂ ಸಾಕಷ್ಟಿದೆ. ರಕಾರವನ್ನು ನಾಲಿಗೆ ಮಡಿಚಿ ಎಳೆಯುವುದು, 'ವಾಟರ್' ಎಂಬುದನ್ನು 'ವಾಡರ್' ಎಂದು ಹೊರಳಿಸುವುದು ಮುಂತಾದ ಅನುಕರಣೆಗೆ ಸುಮಾರು ಮೂರು ವಾರ ಮೀಸಲಾಗಿವೆ. ಹುಡುಗರು ರಕಾರವನ್ನು ಬೇಡವಾದ ಕಡೆಯಲ್ಲೂ ಸೇರಿಸತೊಡಗಿ, ಮೊದಲಿಗೆ ಸ್ಪಷ್ಟವಾಗಿದ್ದ ಮಾತನ್ನೂ ಕಲಸಿಕೊಂಡರು. ಅನುಕರಣೆಗೆ ಮಾದರಿಯಾಗಿ ಕೇಳಿಸುವುದು ಒಬ್ಬನೇ ಗಂಡಸಿನ ಒಂದೇ ಧ್ವನಿಮುದ್ರಣ. ಅದು ಜಾಹೀರಾತಿನ ಧ್ವನಿ, ಯಾವ ಗ್ರಾಹಕನೂ ಹಾಗೆ ಮಾತನಾಡುವುದಿಲ್ಲ. ಹೊಸ ಧಾಟಿಗೆ ಕೇಳುಗರು ಬೇಗನೆ ಹೊಂದಿಕೊಳ್ಳುತ್ತಾರೆ ಎಂಬುದನ್ನೂ ಇಲ್ಲಿ ಹೇಳಿಕೊಡಬಹುದಿತ್ತು. ಕ್ಲಾರ್ಕ್ ಮತ್ತು ಗ್ಯಾರೆಟ್ 2004ರಲ್ಲಿ ಕಂಡುಕೊಂಡಂತೆ, ಅಪರಿಚಿತ ವಿದೇಶೀ ಉಚ್ಚಾರಣೆಗೆ ಇಂಗ್ಲಿಷ್ ಕೇಳುಗರ ಕಿವಿ ಒಂದು ನಿಮಿಷದೊಳಗೇ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಕರೆಯ ಮೊದಲ ನಿಮಿಷದಲ್ಲಿ ನಿಧಾನವಾಗಿ, ಊಹಿಸಬಹುದಾದ ಮಾತುಗಳನ್ನೇ ಆಡಿ ಎಂಬ ಒಂದು ಸಲಹೆ ಮೂರು ವಾರಗಳ 'ವಾಡರ್' ಅಭ್ಯಾಸಕ್ಕಿಂತ ಹೆಚ್ಚಿನ ಫಲ ಕೊಡುತ್ತಿತ್ತು.

ಈ ತರಗತಿಯ ನಿಜವಾದ ಬಲವಿರುವುದು ಕೇಳುವ ಪಾಠಗಳಲ್ಲಿ. ಮೊದಲ ತಿಂಗಳಿನ ಪ್ರತಿ ಸಂಜೆಯ ಎರಡನೆಯ ತಾಸಿನಲ್ಲಿ ಅಮೆರಿಕದ ಬೇರೆ ಬೇರೆ ಪ್ರದೇಶಗಳ, ಬೇರೆ ಬೇರೆ ವಯಸ್ಸಿನ ಹೆಂಗಸರು ಗಂಡಸರ ಧ್ವನಿಮುದ್ರಣಗಳನ್ನು ಹೆಡ್‌ಫೋನಿನಲ್ಲಿ ಕೇಳಿಸಿ, ಹೆಸರು, ವಿಳಾಸ, ಮೊತ್ತಗಳನ್ನು ಬರೆದುಕೊಳ್ಳಲು ಹೇಳುತ್ತಾರೆ. ಹಲವು ಜನರ ಧ್ವನಿ ಕೇಳಿದವರೇ ಹೊಸಬರ ಧಾಟಿಯನ್ನು ಚೆನ್ನಾಗಿ ಗುರುತಿಸುತ್ತಾರೆಂಬ ಕ್ಲಾಪರ್ ಮತ್ತು ಪಿಸೋನಿಯವರ ಇನ್ನೊಂದು ಅಧ್ಯಯನದ ಫಲಿತಾಂಶಕ್ಕೆ ಈ ಕ್ರಮ ಸರಿಹೊಂದುತ್ತದೆ. ಟೆಕ್ಸಸ್, ಅಲಬಾಮಾ ಮುಂತಾದ ದಕ್ಷಿಣದ ರಾಜ್ಯಗಳ ಅನೇಕರ ಬಾಯಲ್ಲಿ 'ಪೆನ್' ಮತ್ತು 'ಪಿನ್' ಒಂದೇ ಆಗುತ್ತವೆ ಎಂಬುದು ಬ್ಯಾಂಕಿನ ಕರೆಗಳಲ್ಲಿ ಸಣ್ಣ ಸಂಗತಿಯೇನಲ್ಲ. ಶಿಕಾಗೊ, ಡೆಟ್ರಾಯ್ಟ್, ಬಫಲೊ ಸಾಲಿನ ಸರೋವರ ತೀರದ ನಗರಗಳಲ್ಲಿ 'ಬ್ಲಾಕ್' ಎಂದದ್ದು ಹೊರಗಿನವರಿಗೆ 'ಬ್ಲ್ಯಾಕ್' ಎಂದು ಕೇಳಿಸುವುದುಂಟು. ಪಶ್ಚಿಮದ ರಾಜ್ಯಗಳಲ್ಲಿ 'ಕಾಟ್' ಮತ್ತು 'ಕಾಟ್' — ಮಂಚ ಮತ್ತು ಹಿಡಿದದ್ದು — ಎರಡರ ಸ್ವರವೂ ಒಂದೇ. ಬಾಸ್ಟನ್ನಿನ ಹಳಬರು ರಕಾರವನ್ನು ನುಂಗುತ್ತಾರೆ, ಇತ್ತ ನಮ್ಮ ಹುಡುಗರು ಅದನ್ನೇ ಎಳೆಯಲು ಕಲಿಯುತ್ತಿರುತ್ತಾರೆ.

ಅಂಕಿಗಳ ಪಾಠ ಇನ್ನೂ ಚೆನ್ನಾಗಿತ್ತು. ಹದಿಮೂರು ಮತ್ತು ಮೂವತ್ತು ಇಂಗ್ಲಿಷಿನಲ್ಲಿ ನಮ್ಮ ಕಿವಿಗೆ ಬೆರೆಯುತ್ತವೆ. ಮೂವತ್ತನ್ನು ಅಮೆರಿಕನ್ನರು 'ಥರ್ಡಿ' ಎಂಬಂತೆ ಮೃದುವಾಗಿ ಹೇಳುತ್ತಾರೆ, ಹದಿಮೂರರಲ್ಲಿ ಟಕಾರ ಗಟ್ಟಿಯಾಗಿಯೇ ಉಳಿಯುತ್ತದೆ; ಈ ಒಂದು ಸುಳಿವು ಹಿಡಿದ ಮೇಲೆ ಹಿಂದಿನ ಬೆಂಚಿನ ಹುಡುಗರೂ ಮೊತ್ತಗಳನ್ನು ತಡವರಿಸದೆ ಬರೆದರು. ಅಚ್ಚರಿಯ ಮಾತೆಂದರೆ, ಈ ಪಾಠಗಳನ್ನು ಮುಗಿಸಿದ ವಿದ್ಯಾರ್ಥಿ ಅಮೆರಿಕದ ಪ್ರಾದೇಶಿಕ ಧಾಟಿಗಳ ವಿಷಯದಲ್ಲಿ ಎಷ್ಟೋ ಅಮೆರಿಕನ್ನರಿಗಿಂತ ಎಚ್ಚರದ ಕಿವಿಯುಳ್ಳವನಾಗಬಲ್ಲ. ಕರಪತ್ರದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಭೂಗೋಳದ ಪಾಠದ ಬಗ್ಗೆ ನನ್ನ ಆಕ್ಷೇಪ ಬಲವಾದದ್ದು. ಅಲ್ಲಿ ಉಲ್ಲೇಖಿಸಿದ ಅಂಕಿಗಳು ಸುಳ್ಳಲ್ಲ. ನ್ಯಾಷನಲ್ ಜಿಯಾಗ್ರಫಿಕ್ ಮತ್ತು ರೋಪರ್ ಸಂಸ್ಥೆಗಳ 2006ರ ಸಮೀಕ್ಷೆಯಲ್ಲಿ 18ರಿಂದ 24 ವರ್ಷದ 510 ಅಮೆರಿಕನ್ ಯುವಜನರಲ್ಲಿ ಶೇಕಡಾ 63ರಷ್ಟು ಮಂದಿಗೆ ಇರಾಕ್, ಶೇಕಡಾ 88ರಷ್ಟು ಮಂದಿಗೆ ಅಫ್ಘಾನಿಸ್ತಾನ ನಕಾಶೆಯಲ್ಲಿ ಸಿಗಲಿಲ್ಲ. ಎರಡೂ ಕಡೆ ಅವರದೇ ಸೈನ್ಯ ಆಗ ಯುದ್ಧದಲ್ಲಿತ್ತು. ಭಾರತವನ್ನು ಏಷ್ಯಾದ ನಕಾಶೆಯಲ್ಲಿ ಗುರುತಿಸಲಾರದವರು ಶೇಕಡಾ 47. ಕತ್ರಿನಾ ಚಂಡಮಾರುತದ ಸುದ್ದಿ ತಿಂಗಳುಗಟ್ಟಲೆ ಟಿವಿಯಲ್ಲಿ ಬಂದ ಮೇಲೂ ಮೂರರಲ್ಲೊಂದು ಪಾಲು ಜನರಿಗೆ ಲೂಯಿಸಿಯಾನಾ ರಾಜ್ಯ ಸಿಗಲಿಲ್ಲ, ಅರ್ಧದಷ್ಟು ಜನರಿಗೆ ನ್ಯೂಯಾರ್ಕ್ ರಾಜ್ಯ ಸಿಗಲಿಲ್ಲ. ಇಲ್ಲಿಯವರೆಗೆ ಹೇಳಿ ನಗುವುದು ಸುಲಭ. ಕಾರಣ ಹೇಳುವ ತೊಂದರೆಯನ್ನು ಪಾಠ ತೆಗೆದುಕೊಳ್ಳಲಿಲ್ಲ: ಅಲ್ಲಿನ ಶಾಲೆಗಳಲ್ಲಿ ಭೂಗೋಳ ಬಹುಮಟ್ಟಿಗೆ ಸಮಾಜ ಅಧ್ಯಯನವೆಂಬ ದೊಡ್ಡ ವಿಷಯದೊಳಗೆ ಕರಗಿಹೋಗಿದೆ. ಎಂಟನೆಯ ತರಗತಿಯ ಮಕ್ಕಳಲ್ಲಿ ಮುಕ್ಕಾಲು ಪಾಲು ಭೂಗೋಳದಲ್ಲಿ ನಿರೀಕ್ಷಿತ ಮಟ್ಟ ಮುಟ್ಟಿಲ್ಲವೆಂದು ಅಮೆರಿಕ ಸರಕಾರದ ಲೆಕ್ಕಪರಿಶೋಧನಾ ಕಚೇರಿಯೇ 2015ರಲ್ಲಿ ವರದಿ ಮಾಡಿತು. ನಕಾಶೆಯ ಅರಿವಿಗೂ ಅಭಿಪ್ರಾಯಕ್ಕೂ ಇರುವ ನಂಟು ಇನ್ನೂ ಗಂಭೀರವಾದದ್ದು. 2014ರಲ್ಲಿ 2,066 ಅಮೆರಿಕನ್ನರನ್ನು ಕೇಳಿದಾಗ ಯುಕ್ರೇನನ್ನು ಸರಿಯಾಗಿ ತೋರಿಸಿದವರು ಆರರಲ್ಲಿ ಒಬ್ಬರು ಮಾತ್ರ; ನಿಜವಾದ ಜಾಗದಿಂದ ಹೆಚ್ಚು ದೂರ ಬೆರಳಿಟ್ಟವರೇ ಅಲ್ಲಿಗೆ ಸೈನ್ಯ ಕಳಿಸಬೇಕೆಂದು ಹೆಚ್ಚಾಗಿ ಬಯಸಿದರು. ಇವನ್ನೆಲ್ಲ ಬಿಟ್ಟು ಬರೀ ನಗೆಯನ್ನು ಕಲಿಸಿದರೆ, ನಾಳೆ ಕರೆ ಮಾಡುವ ಗ್ರಾಹಕನನ್ನು ಹುಡುಗರು ದಡ್ಡನೆಂದು ತಿಳಿದೇ ಫೋನ್ ಎತ್ತುತ್ತಾರೆ.

ಆ ತಾಸಿನಲ್ಲಿ ಕಲಿಸಬೇಕಾಗಿದ್ದ ಭೂಗೋಳ ಬೇರೆಯೇ ಇತ್ತು. ಅಮೆರಿಕದ ಮುಖ್ಯ ಭೂಭಾಗಕ್ಕೆ ನಾಲ್ಕು ಸಮಯ ವಲಯಗಳಿವೆ. ಹುಬ್ಬಳ್ಳಿಯಲ್ಲಿ ಸಂಜೆ ಏಳೂವರೆಯಾದಾಗ ನ್ಯೂಯಾರ್ಕಿನಲ್ಲಿ ಬೇಸಿಗೆಯಲ್ಲಿ ಮುಂಜಾನೆ ಹತ್ತು, ಚಳಿಗಾಲದಲ್ಲಿ ಒಂಬತ್ತು; ಕ್ಯಾಲಿಫೋರ್ನಿಯಾದಲ್ಲಿ ಕ್ರಮವಾಗಿ ಏಳು ಮತ್ತು ಆರು. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರ ಒಂದು ತಾಸು ಮುಂದೆ, ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದೆ ಹೋಗುತ್ತದೆ, ಆದರೆ ಅರಿಜೋನಾದ ಬಹುಭಾಗದಲ್ಲಿ ಈ ಬದಲಾವಣೆಯೇ ಇಲ್ಲ. ಬೆಳಗಿನ ಆರು ಗಂಟೆಗೆ ಗ್ರಾಹಕನನ್ನು ಎಬ್ಬಿಸಿದ ಮೇಲೆ ಎಂಥ ಉಚ್ಚಾರಣೆಯೂ ರಕ್ಷಿಸಲಾರದು. ಪೋರ್ಟ್‌ಲೆಂಡ್ ಎಂದರೆ ಪಶ್ಚಿಮ ತುದಿಯ ಆರೆಗನ್ನಿನದೋ ಪೂರ್ವ ತುದಿಯ ಮೇನ್ ರಾಜ್ಯದ್ದೋ ಎಂದು ಕೇಳಬೇಕು. ಕ್ಯಾನ್ಸಸ್ ಸಿಟಿಯ ದೊಡ್ಡ ಭಾಗವಿರುವುದು ಮಿಸೌರಿಯಲ್ಲಿ. ಸ್ಪ್ರಿಂಗ್‌ಫೀಲ್ಡ್‌ಗಳಂತೂ ಹಲವು ರಾಜ್ಯಗಳಲ್ಲಿವೆ. ಬರೆದಂತೆ ಓದಲಾಗದ ಹೆಸರುಗಳೂ ಇವೆ: ಇಲಿನಾಯ್ ಹೆಸರಿನ ಕೊನೆಯ ಸಕಾರ ಉಚ್ಚಾರಣೆಯಲ್ಲಿಲ್ಲ, ಮ್ಯಾಸಚೂಸೆಟ್ಸಿನ ಒಂದು ದೊಡ್ಡ ಊರನ್ನು ವುಸ್ಟರ್ ಎಂದೇ ಹೇಳಬೇಕು, ಟೆಕ್ಸಸ್ಸಿನ ಹ್ಯೂಸ್ಟನ್ ನಗರದ ಹೆಸರೇ ನ್ಯೂಯಾರ್ಕಿನ ರಸ್ತೆಯಾದಾಗ ಹೌಸ್ಟನ್ ಆಗುತ್ತದೆ. ಆರ್ಕನ್ಸಾ ರಾಜ್ಯದ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಅಲ್ಲಿಯ ಶಾಸನಸಭೆ 1881ರಲ್ಲಿ ನಿರ್ಣಯವನ್ನೇ ಮಾಡಬೇಕಾಯಿತೆಂದರೆ ತಮ್ಮ ಊರ ಹೆಸರು ಕೆಟ್ಟು ಕೇಳಿಸಿದಾಗ ಆ ಜನಕ್ಕೆ ಆಗುವ ಕಿರಿಕಿರಿಯನ್ನು ಊಹಿಸಬಹುದು. ಪಾಠ ಮುಗಿದ ಮೇಲೆ ಈ ಮಾತುಗಳನ್ನು ತರಬೇತುದಾರರ ಮುಂದಿಟ್ಟೆ. "ಹೌದ್ರಿ ಸರ್, ಟೈಮ್ ಝೋನ್ ಹಾಕಬೇಕಿತ್ತು, ಮುಂದಿನ ಬ್ಯಾಚಿಗೆ ಹಾಕತೇವಿ" ಎಂದರು. ಹೇಳಿದ್ದನ್ನು ಬರೆದುಕೊಂಡರು ಎಂಬುದನ್ನೂ ದಾಖಲಿಸಬೇಕು.

ಅನುಕೂಲಗಳ ವಿಷಯ ಚಿಕ್ಕದು. ಹೆಡ್‌ಫೋನುಗಳು ಒಳ್ಳೆಯ ಸ್ಥಿತಿಯಲ್ಲಿವೆ, ಆದರೆ ಎಲ್ಲರಿಗೂ ಸಾಲದೆ ಇಬ್ಬರಿಗೊಂದರಂತೆ ಹಂಚಿಕೊಳ್ಳಬೇಕು. ರಸ್ತೆಯ ಕಡೆಯ ಕಿಟಕಿ ತೆರೆದರೆ ಆಟೋಗಳ ಸದ್ದು, ಮುಚ್ಚಿದರೆ ಸೆಕೆ. ಧಾರವಾಡದ ಕಡೆಯಿಂದ ಬರುವವರಿಗೆ ಚಿಗರಿ ಬಸ್ಸಿನ ಅನುಕೂಲವಿದೆ. ಸಂಜೆಯ ಬ್ಯಾಚು ತಡವಾಗಿ ಬಿಡುವುದರಿಂದ ಗದಗ, ಕುಂದಗೋಳದ ಕಡೆಗೆ ಮರಳಬೇಕಾದವರು ಮುಂಜಾನೆಯ ಬ್ಯಾಚನ್ನೇ ಕೇಳಿ ಪಡೆಯುವುದು ಒಳ್ಳೆಯದು. ಕೆಲಸ ಕೊಡಿಸುವ ಮಾತನ್ನು ಬಾಯಿಮಾತಿನಲ್ಲಿ ಹೇಳುತ್ತಾರೆ, ರಸೀದಿಯಲ್ಲಿ ಬರೆಯುವುದಿಲ್ಲ.

ಸೇರಬೇಕೆಂದಿರುವವರು ಇನ್ನೊಂದು ಬೆಳವಣಿಗೆಯನ್ನೂ ಗಮನದಲ್ಲಿಡಬೇಕು. ಮಾತನಾಡುತ್ತಿರುವಾಗಲೇ ಧಾಟಿಯನ್ನು ಬದಲಿಸಿ ಆ ಕಡೆಗೆ ಕೇಳಿಸುವ ತಂತ್ರಾಂಶವನ್ನು ಸಾನಸ್ ಎಂಬ ಅಮೆರಿಕದ ಕಂಪನಿ ತಯಾರಿಸಿದೆ. ಫೋನ್ ಸೇವೆಯ ದೊಡ್ಡ ಕಂಪನಿಗಳಲ್ಲೊಂದಾದ ಟೆಲಿಪರ್ಫಾರ್ಮೆನ್ಸ್ ಭಾರತದ ತನ್ನ ನೌಕರರ ಕರೆಗಳಲ್ಲಿ ಅದನ್ನು ಬಳಸುತ್ತಿರುವ ಸುದ್ದಿ 2025ರಲ್ಲಿ ಹೊರಬಂದಿತು. 'ವಾಡರ್' ಎನ್ನಿಸುವ ಕೆಲಸವನ್ನು ಯಂತ್ರ ಮಾಡಬಲ್ಲದಾದರೆ ಅದಕ್ಕಾಗಿ ಶುಲ್ಕ ಕಟ್ಟುವುದು ಇನ್ನೂ ಅರ್ಥಹೀನ. ಅಲಬಾಮಾದ ಅಜ್ಜಿಯೊಬ್ಬಳು ಹೇಳಿದ ಮೊತ್ತ ಹದಿಮೂರೋ ಮೂವತ್ತೋ ಎಂದು ತಿಳಿಯುವ ಕೆಲಸ ಮಾತ್ರ ಫೋನ್ ಹಿಡಿದವರ ಕಿವಿಗೇ ಉಳಿಯುತ್ತದೆ. ಕೇಳುವ ಪಾಠಗಳೂ ಉಸಿರಿನ ಅಭ್ಯಾಸವೂ ಮೊದಲ ತಿಂಗಳಲ್ಲಿಯೇ ಮುಗಿಯುತ್ತವೆ, ಅನುಕರಣೆಯ ಮೂರು ವಾರಗಳೂ ಭೂಗೋಳದ ತಾಸೂ ಎರಡನೆಯ ತಿಂಗಳಲ್ಲಿ ಬರುತ್ತವೆ. ಮೊದಲ ಕಂತಿನ ಏಳು ಸಾವಿರ ರೂಪಾಯಿಯನ್ನಷ್ಟೇ ಕಟ್ಟಿ ನಿಲ್ಲಿಸಲು ಸಂಚಾಲಕರ ಅಡ್ಡಿಯಿಲ್ಲ, ಆದರೆ ಹಾಗೆ ಮಾಡಿದವರಿಗೆ ಪ್ರಮಾಣಪತ್ರ ಕೊಡುವುದಿಲ್ಲ. ಪ್ರಮಾಣಪತ್ರದ ಹಂಗಿಲ್ಲದವರಿಗೆ ಆ ಏಳು ಸಾವಿರ ದುಬಾರಿಯೆನಿಸದು. ಎರಡನೆಯ ಕಂತನ್ನು ಕಟ್ಟಿರೆಂದು ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಲಾರೆ.